ಶಾಲಾ ಕೊಠಡಿಗೆ ಎಲ್ಲರೂ ಓದಬಲ್ಲ, ಚೀಟಿ ಬದಲಿಸಬಲ್ಲ ಬೋರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಶಾಲೆಗಳಿಗೆ ಕೊಠಡಿ ಬೋರ್ಡ್ ಮಾಡಿಸುವ ಕೆಲಸದಲ್ಲಿ ಎಚ್‌ಎಂಗಳು (ಮುಖ್ಯ ಶಿಕ್ಷಕರು), ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಪೋಷಕರು, ಬೋರ್ಡ್ ಅಂಗಡಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ ಪ್ರಶ್ನೆಗಳು ಮೊದಲು, ಕೆಲಸಕ್ಕೆ ಇಳಿದ ಮೇಲೆ ಬರುವವು ಆಮೇಲೆ.

## ಶುರುವಿನಲ್ಲಿ ಕೇಳುವವು

ಬಾಗಿಲ ಮೇಲೆ ಪೇಂಟ್‌ನಲ್ಲಿ ಬರೆಸಿದ್ದೀವಲ್ಲ, ಸಾಲದಾ?

ಕಣ್ಣು ಚೆನ್ನಾಗಿರುವವರಿಗೆ ಸಾಕು. ಉಳಿದವರಿಗೆ ಸಾಲದು. ಬಾಗಿಲ ಚೌಕಟ್ಟಿನ ಮೇಲೆ ಏಳಡಿ ಎತ್ತರದಲ್ಲಿ ಬರೆದದ್ದು ಯಾವ ಮಗುವಿನ ಕೈಗೂ ಸಿಗುವುದಿಲ್ಲ. ಇನ್ನೊಂದು ತೊಂದರೆ ಪ್ರತಿ ಜೂನ್‌ನಲ್ಲಿ ಬರುತ್ತದೆ. ಹೋದ ವರ್ಷ 5ನೇ ತರಗತಿ ಇದ್ದ ಕೊಠಡಿಗೆ ಈ ವರ್ಷ 7ನೇ ತರಗತಿ ಬಂದಿರುತ್ತದೆ, ಬೋರ್ಡ್ ಮಾತ್ರ ಹಳೆಯದೇ. ಪೇಂಟರ್ ಸಿಗುವವರೆಗೆ ಅದರ ಮೇಲೆ ಒಂದು ಹಾಳೆ ಅಂಟಿಸಿ ದಿನ ದೂಡುತ್ತಾರೆ.

ನಾವು ಹೇಳುವ ಬೋರ್ಡಿನಲ್ಲಿ ಎರಡು ಭಾಗ. ಎಂದೂ ಬದಲಾಗದ್ದು, ಅಂದರೆ ಕೊಠಡಿ ಸಂಖ್ಯೆ ಅಥವಾ ‘ಗ್ರಂಥಾಲಯ’ದಂಥ ಹೆಸರು, ಉಬ್ಬಿದ ಅಕ್ಷರ ಮತ್ತು ಬ್ರೈಲ್‌ನಲ್ಲಿ (ಬೆರಳಿನಿಂದ ಓದುವ ಚುಕ್ಕಿ ಲಿಪಿ) ಗಟ್ಟಿಯಾಗಿ ಕೂರುತ್ತದೆ. ಬದಲಾಗುವುದು, ಅಂದರೆ ತರಗತಿ, ವಿಭಾಗ, ಟೀಚರ್ ಹೆಸರು, ಕೆಳಗಿನ ಕಿಟಕಿಯೊಳಗೆ ಚೀಟಿಯಾಗಿ ಕೂರುತ್ತದೆ. ಚೀಟಿಯನ್ನು ಶಾಲೆಯವರೇ ಆಫೀಸಿನ ಪ್ರಿಂಟರ್‌ನಲ್ಲಿ ತೆಗೆದು ಹಾಕಿಕೊಳ್ಳಬೇಕು. ಯಾವುದು ಯಾವ ಭಾಗಕ್ಕೆ ಸೇರುತ್ತದೆ ಅಂತ ಮೊದಲೇ ಸರಿಯಾಗಿ ತೀರ್ಮಾನ ಮಾಡಿದರೆ ಬೋರ್ಡ್ ಹತ್ತಾರು ವರ್ಷ ಬರುತ್ತದೆ. ಅದು ತಪ್ಪಿದರೆ ಎಷ್ಟು ಒಳ್ಳೆಯ ಸಾಮಾನು ಹಾಕಿದರೂ ಮುಂದಿನ ಜೂನ್‌ಗೆ ಸುಳ್ಳು ಹೇಳುವ ಬೋರ್ಡ್ ಆಗುತ್ತದೆ.

ನಮ್ಮ ಶಾಲೇಲಿ ಕಣ್ಣು ಕಾಣದ ಮಕ್ಕಳೇ ಇಲ್ಲ. ಆದ್ರೂ ಬೇಕಾ?

ಬೇಕು. ದಾಖಲಾತಿ ಯಾವಾಗ ಬೇಕಾದರೂ ಬರಬಹುದು. ಮಗು ಬಂದ ಮೇಲೆ ಬೋರ್ಡಿಗೆ ಆರ್ಡರ್ ಕೊಟ್ಟರೆ ಅದರ ಮೊದಲ ತಿಂಗಳೆಲ್ಲಾ ಯಾರದೋ ಕೈ ಹಿಡಿದುಕೊಂಡೇ ಓಡಾಡಬೇಕು. ಪೋಷಕರಲ್ಲಿ, ಅಜ್ಜ ಅಜ್ಜಿಯರಲ್ಲಿ, ಶಿಕ್ಷಕರಲ್ಲೂ ಕಣ್ಣು ಮಂದ ಇರುವವರು ಇರುತ್ತಾರೆ.

ಇನ್ನು, ಕಣ್ಣು ಪೂರ್ತಿ ಕಾಣದ ಮಕ್ಕಳಿಗಿಂತ ಅರೆಬರೆ ಕಾಣುವ ಮಕ್ಕಳು ಜಾಸ್ತಿ. ಎಷ್ಟೋ ಸಲ ಅದು ಶಾಲೆಯ ಲೆಕ್ಕಕ್ಕೇ ಬಂದಿರುವುದಿಲ್ಲ. ಮೊದಲ ಬೆಂಚಿನಲ್ಲಿ ಕೂತು, ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುವ ಮಗುವನ್ನು ಒಮ್ಮೆ ಗಮನಿಸಿ. ಬೆಂಗಳೂರಿನ ಶಾಲೆಗಳಲ್ಲಿ ಕನ್ನಡ ಈಗಷ್ಟೇ ಕಲಿಯುತ್ತಿರುವ ಮಕ್ಕಳೂ ಬೇಕಾದಷ್ಟಿದ್ದಾರೆ. ದೊಡ್ಡ ಸಂಖ್ಯೆ, ಒಂದು ಚಿತ್ರ, ಎಲ್ಲಾ ಬಾಗಿಲಲ್ಲೂ ಒಂದೇ ಜಾಗ: ಇದು ಅವರಿಗೂ ದಾರಿ ತೋರಿಸುತ್ತದೆ.

ಕಾನೂನಿನಲ್ಲಿ ಇದು ಕಡ್ಡಾಯನಾ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 16ನೇ ಸೆಕ್ಷನ್, ಸರ್ಕಾರದ ಅನುದಾನ ಇರುವ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಕಟ್ಟಡ, ಆವರಣ, ಸೌಲಭ್ಯ ಎಲ್ಲವೂ ಅಂಗವೈಕಲ್ಯ ಇರುವ ಮಕ್ಕಳಿಗೆ ಬಳಸಲು ಬರುವಂತಿರಬೇಕು ಎನ್ನುತ್ತದೆ. ಅಂದರೆ ಖಾಸಗಿ ಶಾಲೆಯೂ ಇದರ ಹೊರಗಿಲ್ಲ. ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ ತಂದಿರುವ 2021ರ ಮಾರ್ಗಸೂಚಿಯಲ್ಲಿ (‘ಹಾರ್ಮೊನೈಸ್ಡ್ ಗೈಡ್‌ಲೈನ್ಸ್ ಅಂಡ್ ಸ್ಟ್ಯಾಂಡರ್ಡ್ಸ್ ಫಾರ್ ಯೂನಿವರ್ಸಲ್ ಆಕ್ಸೆಸಿಬಿಲಿಟಿ ಇನ್ ಇಂಡಿಯಾ’) ಬೋರ್ಡುಗಳ ಬಗ್ಗೆಯೂ ಇದೆ. ಬರೀ ಮಾರ್ಗಸೂಚಿ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ಬೇರೆಯಾಗಿ ಮಾಡಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿತು.

ಶಾಲೆಗೆ ನಮ್ಮ ಸಲಹೆ ಇಷ್ಟೇ. ಕೊಟೇಷನ್ ಕೇಳುವ ಪತ್ರದಲ್ಲೇ 2021ರ ಮಾರ್ಗಸೂಚಿಯ ಹೆಸರು ಬರೆಯಿರಿ. ಆಮೇಲೆ ‘ಬ್ರೈಲ್ ಅಂತ ಹೇಳಿರಲಿಲ್ಲ’ ಎಂಬ ಮಾತು ಬರುವುದಿಲ್ಲ.

ಎಲ್ಲಾ ರೂಮಿಗೂ ಒಂದೇ ಸಲ ಹಾಕಿಸೋಕೆ ದುಡ್ಡಿಲ್ಲ. ಯಾವುದು ಮೊದಲು?

ಶೌಚಾಲಯ. ಮಗು ಯಾರನ್ನೂ ಕೇಳದೆ ಹೋಗಬೇಕಾದ ಜಾಗ ಅದು. ತಪ್ಪು ಬಾಗಿಲು ತಳ್ಳಿದರೆ ಎಲ್ಲರೂ ನಗುವುದೂ ಅಲ್ಲೇ. ಆಮೇಲೆ ಮೆಟ್ಟಿಲ ಬಳಿ ಮಹಡಿ ಸಂಖ್ಯೆ, ಎಚ್‌ಎಂ ಕೊಠಡಿ, ಗ್ರಂಥಾಲಯ, ಪ್ರಯೋಗಾಲಯ. ಇವು ಜಾಗ ಬದಲಿಸುವುದು ಕಡಿಮೆ, ಹಾಗಾಗಿ ಚೀಟಿಯೇ ಇಲ್ಲದ ಸಾದಾ ಬೋರ್ಡ್ ಸಾಕು. ಕರೆಂಟ್ ಮೀಟರ್ ಇರುವ ಕೋಣೆಯನ್ನು ಮರೆಯಬೇಡಿ. ಒಳಗೆ ಹೋಗಬಾರದು ಅಂತಲೂ ಬೆರಳಿಗೆ ತಿಳಿಯಬೇಕಲ್ವಾ? ತರಗತಿಗಳನ್ನು ಎರಡನೇ ಕಂತಿನಲ್ಲಿ ಮಾಡಿಸಿ, ಆದರೆ ಒಂದು ಮಹಡಿ ಪೂರ್ತಿ ಮಾಡಿಸಿ. ಅಲ್ಲೊಂದು ಇಲ್ಲೊಂದು ಇದ್ದರೆ ಮಗು ಪ್ರತಿ ಬಾಗಿಲಲ್ಲೂ ಗೋಡೆ ತಡವಿ ಹುಡುಕುತ್ತಾ ನಿಲ್ಲಬೇಕಾಗುತ್ತದೆ.

## ಜಾಗ, ಅಳತೆ, ಅಕ್ಷರ

ಬಾಗಿಲಿಗೇ ಹಾಕಿದ್ರೆ ಏನು ತೊಂದರೆ?

ಪಾಠ ನಡೆಯುವಾಗ ಬಾಗಿಲು ತೆರೆದೇ ಇರುತ್ತದೆ. ಆಗ ಬೋರ್ಡ್ ಗೋಡೆಗೆ ಮುಖ ಮಾಡಿರುತ್ತದೆ. ಮುಚ್ಚಿದ್ದಾಗ ಮಗು ಹತ್ತಿರ ನಿಂತು ಬೆರಳಾಡಿಸುತ್ತಿದ್ದರೆ, ಒಳಗಿನಿಂದ ಯಾರೋ ಬಾಗಿಲು ತಳ್ಳಿ ಹಣೆಗೆ ಬಡಿಯಬಹುದು. ಅದಕ್ಕೇ ಗೋಡೆ, ಅದರಲ್ಲೂ ಚಿಲಕ ಇರುವ ಕಡೆಯ ಗೋಡೆ.

ನಮ್ಮ ಹಳೇ ಸರ್ಕಾರಿ ಶಾಲೆಗಳಲ್ಲಿ ಎರಡು ರೆಕ್ಕೆಯ ಮರದ ಬಾಗಿಲು ಜಾಸ್ತಿ. ಅಲ್ಲಿ ಬಲಗಡೆಯ ಗೋಡೆ. ಬಾಗಿಲು ವರಾಂಡದ ಕಡೆಗೆ ತೆರೆಯುವುದಾದರೆ ಪೂರ್ತಿ ತೆರೆದು ರೆಕ್ಕೆಯನ್ನು ಗೋಡೆಗೆ ಆನಿಸಿ, ಅದು ಮುಗಿಯುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬೋರ್ಡ್ ಆ ಗುರುತಿನಿಂದ ಆಚೆಗೆ ಬರಬೇಕು. ಬೋರ್ಡಿನ ಮುಂದೆ ಸುಮಾರು ಒಂದೂವರೆ ಅಡಿ ಚದರ ಜಾಗ ಖಾಲಿ ಇರಲಿ. ಚಪ್ಪಲಿ ಸ್ಟ್ಯಾಂಡ್, ನೀರಿನ ಕ್ಯಾನ್, ಹೂಕುಂಡ ಎಲ್ಲವೂ ಸರಿಯಾಗಿ ಅಲ್ಲೇ ಬಂದು ಕೂರುತ್ತವೆ, ಅವನ್ನು ಎತ್ತಿಸಿ.

ಎಷ್ಟು ಎತ್ತರದಲ್ಲಿ ಹಾಕಬೇಕು?

ಅಮೆರಿಕದ ಎಡಿಎ (ಅಲ್ಲಿನ ಅಂಗವಿಕಲರ ಕಾಯ್ದೆ) ಮಾನದಂಡದ ಪ್ರಕಾರ ಉಬ್ಬಿದ ಅಕ್ಷರಗಳು ನೆಲದಿಂದ 1220ರಿಂದ 1525 ಮಿ.ಮೀ. ಒಳಗೆ ಬರಬೇಕು. ಹೈಸ್ಕೂಲಿಗೆ ಇದು ಸರಿ. ಬೋರ್ಡಿನ ನಡುಭಾಗ 1400 ಮಿ.ಮೀ. ಸುಮಾರಿಗೆ ಬಂದರೆ ದೊಡ್ಡವರಿಗೂ ಮಕ್ಕಳಿಗೂ ಹೊಂದುತ್ತದೆ.

ನಲಿ-ಕಲಿ (ಒಂದರಿಂದ ಮೂರನೇ ತರಗತಿ) ಕೊಠಡಿಗೆ ಮಾತ್ರ ಇದು ಎತ್ತರ. ಒಂದನೇ ತರಗತಿಯ ಮಗು ತಲೆ ಎತ್ತಿ, ಕೈ ಮೇಲೆ ಚಾಚಿ ಬ್ರೈಲ್ ಓದಬೇಕಾಗುತ್ತದೆ. ಹಾಗೆ ಓದಿದರೆ ಬೆರಳು ಚುಕ್ಕಿಯ ಮೇಲೆ ಸರಿಯಾಗಿ ಕೂರುವುದಿಲ್ಲ, ಓದುವುದು ಕಷ್ಟ. ಅಲ್ಲಿ ದೊಡ್ಡ ಬೋರ್ಡನ್ನು ಹಾಗೇ ಬಿಟ್ಟು, ಅದರ ನೇರ ಕೆಳಗೆ ಒಂದು ಮೀಟರ್ ಎತ್ತರದಲ್ಲಿ ಸಂಖ್ಯೆ ಮತ್ತು ಬ್ರೈಲ್ ಇರುವ ಚಿಕ್ಕ ಪಟ್ಟಿ ಹಾಕಿಸುತ್ತೇವೆ.

ಅಕ್ಷರ ಎಷ್ಟು ದೊಡ್ಡದು? ಯಾವ ಫಾಂಟ್?

ಬೋರ್ಡ್ ಬರೆಯುವವರ ಹಳೇ ಲೆಕ್ಕ: ಹತ್ತಡಿ ದೂರಕ್ಕೆ ಒಂದು ಇಂಚು ಅಕ್ಷರ. ವರಾಂಡದಲ್ಲಿ ನಡೆದು ಬರುವವರಿಗೆ ಕೊಠಡಿ ಸಂಖ್ಯೆ ಎರಡು ಇಂಚು ಇದ್ದರೆ ಒಳ್ಳೆಯದು. ಕನ್ನಡದಲ್ಲಿ ಅಳತೆ ತೆಗೆಯುವಾಗ ‘ಕ’ದ ಮೈಯನ್ನು ಮಾತ್ರ ಅಳೆಯಿರಿ. ಕೆಲವು ಅಂಗಡಿಗಳಲ್ಲಿ ಒತ್ತಕ್ಷರದ ಬಾಲ ಸೇರಿಸಿ ಒಂದು ಇಂಚು ಎನ್ನುತ್ತಾರೆ, ಕೈಗೆ ಬಂದಾಗ ಅಕ್ಷರ ಅರ್ಧ ಇಂಚು ಇರುತ್ತದೆ.

ಫಾಂಟ್ ಸಾದಾ ಇರಲಿ. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಉಚಿತ, ಗೆರೆ ಒಂದೇ ದಪ್ಪ, ಒತ್ತು ಬಿಡಿಬಿಡಿಯಾಗಿ ಕಾಣುತ್ತದೆ. ‘ಮುಖ್ಯೋಪಾಧ್ಯಾಯರು’ ಅಂತ ಒಮ್ಮೆ ಪ್ರಿಂಟ್ ತೆಗೆದು ಆರಡಿ ದೂರದಿಂದ ನೋಡಿ. ಒತ್ತು ಕೆಳಗಿನ ಸಾಲಿಗೆ ತಾಗಿದರೆ ಸಾಲುಗಳ ನಡುವೆ ಜಾಗ ಬಿಡಿಸಿ. ನೆರಳು, ಹೊರಗೆರೆ, ಓರೆ ಅಕ್ಷರ ಯಾವುದೂ ಬೇಡ.

ಕನ್ನಡ ಅಕ್ಷರಾನೂ ಉಬ್ಬಿಸಬೇಕಾ, ಬ್ರೈಲ್ ಇದೆಯಲ್ಲ?

ಕಣ್ಣು ಕಾಣದವರೆಲ್ಲ ಬ್ರೈಲ್ ಓದುವುದಿಲ್ಲ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರು ಬೆರಳಿನಿಂದ ಗುರುತು ಹಿಡಿಯುವುದು ಅಂಕಿಯನ್ನು. ಹಾಗಾಗಿ ಸಂಖ್ಯೆ ಉಬ್ಬಿರಲೇಬೇಕು, ಕನಿಷ್ಠ 0.8 ಮಿ.ಮೀ. ಕನ್ನಡ ಅಕ್ಷರದ ಸುರುಳಿಗಳು ಚಿಕ್ಕ ಗಾತ್ರದಲ್ಲಿ ಬೆರಳಿಗೆ ಒಂದಕ್ಕೊಂದು ಕಲಸಿಹೋಗುತ್ತವೆ. ದೊಡ್ಡದಾಗಿ, ಬಿಡಿಬಿಡಿಯಾಗಿ ಹಾಕಲು ಜಾಗ ಇದ್ದರೆ ಹೆಸರನ್ನೂ ಉಬ್ಬಿಸಿ. ಇಲ್ಲದಿದ್ದರೆ ಸಂಖ್ಯೆ ಉಬ್ಬಿಸಿ, ಹೆಸರು ಪ್ರಿಂಟ್‌ನಲ್ಲಿ, ಜೊತೆಗೆ ಬ್ರೈಲ್. ಅಂಚು ಚೂಪಾಗಿ ಬಿಡಬೇಡಿ, ಸ್ವಲ್ಪ ಮರಳು ಕಾಗದ ಹಾಕಿಸಿ.

ಯಾವ ಬಣ್ಣ?

ಕಡು ಬಣ್ಣದ ಮೇಲೆ ತಿಳಿ ಅಕ್ಷರ, ಇಲ್ಲವೇ ತಿಳಿಯದರ ಮೇಲೆ ಕಡು ಅಕ್ಷರ. ಹೊಳಪು ಬೇಡ, ಮ್ಯಾಟ್ ಇರಲಿ. ಕೆಂಪು ಹಸಿರು ಜೋಡಿ ಬೇಡ. ಬೋರ್ಡಿನ ಬಣ್ಣ ಗೋಡೆಯ ಬಣ್ಣದಿಂದಲೂ ಬೇರೆಯಾಗಿ ಎದ್ದು ಕಾಣಬೇಕು. ಸ್ಯಾಂಪಲ್‌ನ ಫೋಟೋ ತೆಗೆದು ಫೋನಿನಲ್ಲೇ ಕಪ್ಪು ಬಿಳುಪು ಮಾಡಿ ನೋಡಿ. ಆಗಲೂ ಅಕ್ಷರ ಎದ್ದು ಕಂಡರೆ ಸರಿ. ಸ್ಟೀಲ್ ಮೇಲೆ ಕೊರೆದದ್ದು, ಮರದ ಮೇಲೆ ಚಿನ್ನದ ಬಣ್ಣದ ಅಕ್ಷರ ಆಫೀಸಿಗೆ ಅಂದ, ಮಂದ ಕಣ್ಣಿಗೆ ಕಷ್ಟ.

## ಬ್ರೈಲ್

ಕನ್ನಡಕ್ಕೆ ಬೇರೆ ಬ್ರೈಲ್ ಇದೆಯಾ?

ಭಾರತದ ಭಾಷೆಗಳಿಗೆಲ್ಲ ಹೊಂದುವಂತೆ 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್ ಇದೆ. ಕನ್ನಡವನ್ನು ಬರೆಯುವುದು ಅದರಲ್ಲೇ. ಆರು ಚುಕ್ಕಿಯ ಮನೆಗಳೇ (ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6), ಆದರೆ ಅಕ್ಷರ ಕೂಡಿಸುವ ಕ್ರಮ ನಾವು ಕಣ್ಣಲ್ಲಿ ನೋಡುವ ಕನ್ನಡದಂತೆ ಇಲ್ಲ. ಗುಣಿತ ಮೇಲೆ ಕೆಳಗೆ ಹೋಗುವುದಿಲ್ಲ, ಸ್ವರ ವ್ಯಂಜನದ ಪಕ್ಕದಲ್ಲಿ ಬರುತ್ತದೆ. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ಎರಡು ವ್ಯಂಜನ ಕೂಡಿದರೆ ಮೊದಲನೆಯದಕ್ಕಿಂತ ಮುಂಚೆ 4ನೇ ಚುಕ್ಕಿ ಮಾತ್ರ ಇರುವ ಒಂದು ಮನೆ ಬರುತ್ತದೆ.

‘ಗ್ರಂಥಾಲಯ’ ತೆಗೆದುಕೊಳ್ಳಿ. ಮೊದಲು ಆ 4ನೇ ಚುಕ್ಕಿ, ಆಮೇಲೆ ಗ, ರ, ಸೊನ್ನೆ, ಥ, ಆ, ಲ, ಯ. ಒಟ್ಟು ಎಂಟು ಮನೆ, ಸುಮಾರು ಐದು ಸೆಂಟಿಮೀಟರ್ ಉದ್ದ. ಬೋರ್ಡಿನಲ್ಲಿ ಜಾಗ ಎಷ್ಟು ಬೇಕು ಅಂತ ಹೀಗೆ ಲೆಕ್ಕ ಹಾಕಬಹುದು.

ಅಂಕಿಗೆ ಮುಂಚೆ 3, 4, 5, 6ನೇ ಚುಕ್ಕಿಗಳ ಸಂಖ್ಯಾ ಗುರುತು ಬೇಕೇ ಬೇಕು. ಅದನ್ನು ಬಿಟ್ಟರೆ 12ನೇ ಕೊಠಡಿ ಬೆರಳಿಗೆ ‘ಅಬ’ ಅಂತ ಓದಿಸುತ್ತದೆ.

ಕನ್ನಡ ಬ್ರೈಲ್ ಹಾಕೋದಾ, ಇಂಗ್ಲಿಷ್ ಬ್ರೈಲಾ?

ಮಕ್ಕಳು ಏನು ಓದುತ್ತಾರೋ ಅದು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬ್ರೈಲ್. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಎರಡೂ ಹಾಕಿ, ಸಂಖ್ಯೆ ಒಂದು ಸಾಲು, ಕನ್ನಡ ಒಂದು ಸಾಲು, ಇಂಗ್ಲಿಷ್ ಒಂದು ಸಾಲು. ಸಂಖ್ಯೆ ಎರಡೂ ಭಾಷೆಗೆ ಒಂದೇ ಆದ್ದರಿಂದ ಅದು ಮೊದಲು ಇರಲಿ. ಇಂಗ್ಲಿಷ್ ಬ್ರೈಲ್‌ನಲ್ಲಿ ಪದಗಳನ್ನು ಕುಗ್ಗಿಸಿ ಬರೆಯುವ ಪದ್ಧತಿಯೂ ಇದೆ. ಶಾಲೆಗೆ ಕುಗ್ಗಿಸದ್ದೇ ಸರಿ, ಈಗಷ್ಟೇ ಕಲಿಯುವ ಮಕ್ಕಳೂ ಓದಬೇಕು.

ಬ್ರೈಲ್ ಫಾಂಟ್ ಇದೆ, ಟೈಪ್ ಮಾಡಿ ಕೊಟ್ಟುಬಿಡ್ತೀವಿ ಅಂತಾರೆ ಅಂಗಡಿಯವರು. ಆಗುತ್ತಾ?

ಆಗುವುದಿಲ್ಲ. ಆ ಫಾಂಟ್‌ಗಳು ಇಂಗ್ಲಿಷ್ ಕೀಗೆ ಇಂಗ್ಲಿಷ್ ಬ್ರೈಲ್ ಚುಕ್ಕಿ ಕೂರಿಸಿದಂಥವು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡಕ್ಕೆ ಆ ಫಾಂಟ್ ಹಾಕಿದರೆ ಚುಕ್ಕಿಗಳು ಬರುತ್ತವೆ, ಅರ್ಥ ಬರುವುದಿಲ್ಲ. ನೋಡಲು ಬ್ರೈಲ್‌ನಂತೆಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇದೇ ದೊಡ್ಡ ಅಪಾಯ.

ಯೂನಿಕೋಡ್ ಕನ್ನಡವನ್ನು ಬ್ರೈಲ್‌ಗೆ ತಿರುಗಿಸಲು ಲಿಬ್‌ಲೂಯಿ ಎಂಬ ಉಚಿತ ತಂತ್ರಾಂಶ ಇದೆ, ಅದರಲ್ಲಿ ಕನ್ನಡದ ಪಟ್ಟಿಯೂ ಇದೆ. ಅದರಿಂದ ತೆಗೆದದ್ದನ್ನೂ ಬ್ರೈಲ್ ಓದುವವರ ಕೈಗೆ ಕೊಟ್ಟು ನೋಡಿಸಿ. ಎಚ್‌ಎಸ್‌ಆರ್ ಲೇಔಟ್‌ನ ಮಿತ್ರ ಜ್ಯೋತಿ, ಜೀವನ್ ಬಿಮಾ ನಗರದ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಇಂಥ ಸಂಸ್ಥೆಗಳು ಊರಲ್ಲೇ ಇವೆ. ಸಮಗ್ರ ಶಿಕ್ಷಣದಡಿ ಬ್ಲಾಕ್ ಮಟ್ಟದಲ್ಲಿರುವ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರನ್ನೂ ಕೇಳಬಹುದು. ನೋಡಿಕೊಟ್ಟವರಿಗೆ ಅವರ ಸಮಯಕ್ಕೆ ದುಡ್ಡು ಕೊಡಿ, ಅದು ನಾಜೂಕಿನ ಕೆಲಸ.

ಚುಕ್ಕಿ ಸರಿ ಬಂದಿದೆಯಾ ಅಂತ ಬ್ರೈಲ್ ಬಾರದ ನಾವು ಹೇಗೆ ನೋಡೋದು?

ಮೊದಲು ಕಣ್ಣು ಮುಚ್ಚಿ ಬೆರಳಾಡಿಸಿ. ಏನೂ ತಾಗದಿದ್ದರೆ ಅದು ಚುಕ್ಕಿಯ ಚಿತ್ರ, ಬ್ರೈಲ್ ಅಲ್ಲ. ಹಾಗೆ ಬರೀ ಪ್ರಿಂಟ್ ಹಾಕಿ ಕಳಿಸುವುದು ಉಂಟು. ತಾಗಿದರೆ ಮುಂದಿನ ಪರೀಕ್ಷೆ. ತೆಳು ಬಿಳಿ ಹಾಳೆಯನ್ನು ಬ್ರೈಲ್ ಮೇಲೆ ಇಟ್ಟು, ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ತಿಕ್ಕಿ. ಚುಕ್ಕಿ ಇರುವಲ್ಲೆಲ್ಲ ಕಪ್ಪು ಗುರುತು ಮೂಡುತ್ತದೆ. ಅದನ್ನು ನೀವು ಒಪ್ಪಿಕೊಟ್ಟ ಪ್ರೂಫಿನ ಪಕ್ಕ ಹಿಡಿದು ಮನೆ ಮನೆಯಾಗಿ ಹೋಲಿಸಿ. ಬಿಟ್ಟುಹೋದ ಚುಕ್ಕಿ, ತಲೆಕೆಳಗಾಗಿ ಕೂರಿಸಿದ ಪಟ್ಟಿ, ಕನ್ನಡಿಯಲ್ಲಿ ಕಂಡಂತೆ ತಿರುಗಿದ ಸಾಲು ಎಲ್ಲಾ ಅಲ್ಲೇ ಸಿಕ್ಕಿಬೀಳುತ್ತವೆ.

ಅಳತೆಗೆ ಸ್ಕೇಲ್ ಸಾಲದು, ವರ್ನಿಯರ್ ಕ್ಯಾಲಿಪರ್ ಬೇಕು. ಒಂದು ಮನೆಯೊಳಗೆ ಪಕ್ಕದ ಚುಕ್ಕಿಗಳ ನಡುವೆ 2.3ರಿಂದ 2.5 ಮಿ.ಮೀ., ಮನೆಯಿಂದ ಮನೆಗೆ 6.1ರಿಂದ 7.6 ಮಿ.ಮೀ., ಚುಕ್ಕಿಯ ಎತ್ತರ 0.6ರಿಂದ 0.9 ಮಿ.ಮೀ. ‘ಚೆನ್ನಾಗಿ ಕಾಣಲಿ’ ಅಂತ ಬ್ರೈಲನ್ನು ದೊಡ್ಡದು ಮಾಡಲೇಬೇಡಿ. ಒಂದು ಮನೆ ಒಂದೇ ಬೆರಳ ತುದಿಯೊಳಗೆ ಬರಬೇಕು, ದೊಡ್ಡದಾದರೆ ಓದಲು ಆಗುವುದಿಲ್ಲ.

## ಮಾಡಿಸುವುದು, ಹಾಕಿಸುವುದು

ಚೀಟಿ ಹಾಕೋ ಕಿಟಕಿ ಹೇಗೆ ಮಾಡಿಸೋದು?

ಚೀಟಿಯ ಅಳತೆಯಿಂದ ಶುರು ಮಾಡಿ, ಬೋರ್ಡಿನಿಂದಲ್ಲ. ಎ4 ಹಾಳೆ 210 × 297 ಮಿ.ಮೀ. ಅದನ್ನು ಮೂರು ಪಟ್ಟಿ ಮಾಡಿದರೆ ಒಂದೊಂದು 210 × 99. ಅಂದರೆ ಒಂದೇ ಹಾಳೆಯಲ್ಲಿ ಮೂರು ಕೊಠಡಿಯ ಚೀಟಿ, ಕತ್ತರಿಯಲ್ಲಿ ಎರಡು ಸಲ ಕತ್ತರಿಸಿದರೆ ಮುಗಿಯಿತು. ಯಾವ ಶಾಲೆಯ ಪ್ರಿಂಟರ್‌ನಲ್ಲೂ ಇದು ಆಗುತ್ತದೆ. ವಿಚಿತ್ರ ಅಳತೆ ಇಟ್ಟರೆ ಪ್ರತಿ ಚೀಟಿಗೂ ಅಂಗಡಿಗೇ ಹೋಗಬೇಕು.

ಬೋರ್ಡ್ ಮೂರು ಪದರ. ಹಿಂದೆ 3 ಮಿ.ಮೀ. ಅಕ್ರಿಲಿಕ್ ಅಥವಾ ಎಸಿಪಿ (ನಡುವೆ ಪ್ಲಾಸ್ಟಿಕ್ ಇರುವ ಅಲ್ಯೂಮಿನಿಯಂ) ಶೀಟ್. ನಡುವೆ 1 ಮಿ.ಮೀ. ಪಟ್ಟಿ, ಮೂರು ಬದಿಗೆ ಮಾತ್ರ. ಮುಂದೆ 2 ಮಿ.ಮೀ. ಅಕ್ರಿಲಿಕ್, ಕಿಟಕಿಯ ಭಾಗ ಪಾರದರ್ಶಕ. ದಪ್ಪ ಕಾರ್ಡ್ ಶೀಟ್ ಕೂಡ ಅರ್ಧ ಮಿ.ಮೀ. ಒಳಗೇ ಇರುವುದರಿಂದ 1 ಮಿ.ಮೀ. ಸಂದು ಸಾಕು, ಜಾಸ್ತಿ ಬಿಟ್ಟರೆ ಚೀಟಿ ಬಾಗಿ ನೆರಳು ಬೀಳುತ್ತದೆ. ಸಂದಿನ ಬಾಯಿ ಪಕ್ಕಕ್ಕೆ ಇರಲಿ. ಮೇಲೆ ಇದ್ದರೆ ಧೂಳು ಮತ್ತು ಮಳೆ ನೀರು ಇಳಿಯುತ್ತದೆ, ಕೆಳಗೆ ಇದ್ದರೆ ಚೀಟಿ ಜಾರುತ್ತದೆ. ಬಾಯಿಯ ಹತ್ತಿರ ಹೆಬ್ಬೆರಳು ಕೂರುವಷ್ಟು ಅರ್ಧ ಚಂದ್ರಾಕಾರದಲ್ಲಿ ಕತ್ತರಿಸಿ, ಇಲ್ಲದಿದ್ದರೆ ಚೀಟಿ ತೆಗೆಯಲು ಪಿನ್ನು ಹುಡುಕಬೇಕಾಗುತ್ತದೆ.

ಮಕ್ಕಳು ಎಳೆದು ತೆಗೆಯುತ್ತಾರೆ ಅನ್ನುವ ಭಯ ಇದ್ದರೆ ಬಾಯಿಗೆ ಅಡ್ಡವಾಗಿ ಒಂದು ಚಿಕ್ಕ ಸ್ಕ್ರೂ ಪಟ್ಟಿ ಹಾಕಿಸಿ. ನಮಗೆ ಕಂಡಂತೆ ಮೊದಲ ವಾರ ಎಲ್ಲರೂ ಎಳೆದು ನೋಡುತ್ತಾರೆ, ಆಮೇಲೆ ಯಾರೂ ಮುಟ್ಟುವುದಿಲ್ಲ.

ಸನ್‌ಬೋರ್ಡ್‌ನಲ್ಲಿ ಮಾಡಿದ್ರೆ ಕಮ್ಮಿಗೆ ಆಗುತ್ತಲ್ಲ?

ಸನ್‌ಬೋರ್ಡ್, ಅಂದರೆ ಹಗುರವಾದ ಫೋಮ್ ಶೀಟ್, ಸ್ಯಾಂಪಲ್‌ಗೆ ಒಳ್ಳೆಯದು. ಅಳತೆ, ಬಣ್ಣ, ಜಾಗ ನೋಡಲು ಒಂದು ವಾರ ಅಂಟಿಸಿ ಇಡಿ. ಕೈಯಾಡಿಸುವ ಬೋರ್ಡಿಗೆ ಅದು ಬೇಡ, ಉಗುರು ತಾಗಿದರೆ ತಗ್ಗು ಬೀಳುತ್ತದೆ.

ಬ್ರೈಲ್ ಚುಕ್ಕಿ ಎಬ್ಬಿಸಲು ಮೂರು ದಾರಿ ಇವೆ. ಯುವಿ ಪ್ರಿಂಟರ್‌ನಲ್ಲಿ ಇಂಕನ್ನು ಪದರದ ಮೇಲೆ ಪದರ ಹಾಕಿಸುವುದು ಒಂದು. ಸಾಮಾನ್ಯ ಪ್ರಿಂಟಿನ ಜೊತೆಗೇ ಆಗಿಹೋಗುತ್ತದೆ, ಆದರೆ ಪದರ ಕಡಿಮೆ ಆದರೆ ಚುಕ್ಕಿ ಚಪ್ಪಟೆ. ಎರಡನೆಯದು, ಅಕ್ರಿಲಿಕ್‌ನಲ್ಲಿ ಸಣ್ಣ ತೂತು ಕೊರೆದು ಅದರೊಳಗೆ ಮಣಿ ಒತ್ತಿ ಕೂರಿಸುವುದು. ಬೆರಳಿಗೆ ಇದರಷ್ಟು ಹಿತ ಬೇರೆ ಇಲ್ಲ, ತುಂಬಾ ವರ್ಷ ಬಾಳುತ್ತದೆ, ತಾಳ್ಮೆ ಬೇಕು. ಮೂರನೆಯದು 3ಡಿ ಪ್ರಿಂಟ್. ಫಲಕವನ್ನು ಮಲಗಿಸಿ ಪ್ರಿಂಟ್ ಮಾಡಿದರೆ ಚುಕ್ಕಿಯ ತುದಿ ಒರಟಾಗುತ್ತದೆ, ನಿಲ್ಲಿಸಿ ಮಾಡಿದರೆ ನುಣುಪು. 3ಡಿ ಪ್ರಿಂಟ್‌ಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಮಧ್ಯಾಹ್ನದ ನೇರ ಬಿಸಿಲು ಬೀಳುವ ಗೋಡೆಗೆ ಪಿಇಟಿಜಿ ಪ್ಲಾಸ್ಟಿಕ್ ಹಾಕಿಸಿ. ಲೇಸರ್ ಕಟಿಂಗ್‌ನವರು ‘ನಾವೇ ಬ್ರೈಲ್ ಮಾಡ್ತೀವಿ’ ಅಂದರೆ ಹೇಗೆ ಅಂತ ಕೇಳಿ. ಲೇಸರ್ ಕೊರೆಯುತ್ತದೆ, ಉಬ್ಬಿಸುವುದಿಲ್ಲ. ತಗ್ಗಿನ ಚುಕ್ಕಿಯನ್ನು ಬೆರಳು ಓದುವುದಿಲ್ಲ.

ಫೈಲ್ ಕಳಿಸಿದಾಗ ಕನ್ನಡ ಒಡೆದು ಹೋಗುತ್ತೆ, ಯಾಕೆ?

ಅಂಗಡಿಗಳಲ್ಲಿರುವ ಹಳೇ ಕೋರೆಲ್‌ಡ್ರಾ (ಡಿಸೈನ್ ಮಾಡುವ ತಂತ್ರಾಂಶ) ಯೂನಿಕೋಡ್ ಕನ್ನಡವನ್ನು ಸರಿಯಾಗಿ ಕೂಡಿಸುವುದಿಲ್ಲ. ಒತ್ತು ಪಕ್ಕಕ್ಕೆ ಹೋಗುತ್ತದೆ, ಅರ್ಕಾವತ್ತು ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಆಪರೇಟರ್ ಅದನ್ನು ನುಡಿಯಲ್ಲಿ ಮತ್ತೆ ಟೈಪ್ ಮಾಡುತ್ತಾರೆ, ಆಗ ಹೊಸ ಕಾಗುಣಿತದ ತಪ್ಪು ಸೇರಿಕೊಳ್ಳುತ್ತದೆ. ನೀವೇ ಇಂಕ್‌ಸ್ಕೇಪ್ ಎಂಬ ಡಿಸೈನ್ ತಂತ್ರಾಂಶದಲ್ಲಿ ಅಕ್ಷರ ಕೂರಿಸಿ, ಅಕ್ಷರವನ್ನು ಗೆರೆಯಾಗಿ ಬದಲಿಸಿ, ಪಿಡಿಎಫ್ ಕೊಡಿ. ಬ್ರೈಲ್ ಚುಕ್ಕಿಗಳೂ ಹಾಗೇ ವೃತ್ತಗಳಾಗಿ ಹೋಗಲಿ. ‘ಅಳತೆ ಹಿಗ್ಗಿಸಬಾರದು, ಕುಗ್ಗಿಸಬಾರದು’ ಅಂತ ಆರ್ಡರ್ ಮೇಲೆ ಬರೆದು ಸಹಿ ಹಾಕಿಸಿಕೊಳ್ಳಿ. ಇಡೀ ಆರ್ಡರ್ ಕೊಡುವ ಮುಂಚೆ ಒಂದೇ ಒಂದು ಬೋರ್ಡ್ ಮಾಡಿಸಿ ಕೈಯಲ್ಲಿ ಹಿಡಿದು ನೋಡಿ.

ಡಬಲ್ ಟೇಪ್ ಹಾಕಿದ್ರೆ ಬಿದ್ದುಹೋಗುತ್ತೆ. ಏನು ಮಾಡೋದು?

ಸುಣ್ಣ ಅಥವಾ ಡಿಸ್ಟೆಂಪರ್ ಹೊಡೆದ ಗೋಡೆಗೆ ಯಾವ ಟೇಪೂ ನಿಲ್ಲುವುದಿಲ್ಲ. ಟೇಪ್ ಗಟ್ಟಿಯಾಗೇ ಹಿಡಿದಿರುತ್ತದೆ, ಸುಣ್ಣದ ಹಕ್ಕಳೆಯೇ ಗೋಡೆಯಿಂದ ಏಳುತ್ತದೆ. ಡ್ರಿಲ್ ಮಾಡಿ, ಪ್ಲಗ್ ಹಾಕಿ, ನಾಲ್ಕು ಮೂಲೆಗೆ ಸ್ಕ್ರೂ. ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ಇರಲಿ, ತಲೆ ಚಪ್ಪಟೆ ಇರಲಿ. ಉಬ್ಬಿದ ಸ್ಕ್ರೂ ಬ್ರೈಲ್ ಪಕ್ಕದಲ್ಲಿ ಇದ್ದರೆ ಬೆರಳು ಅದನ್ನೂ ಚುಕ್ಕಿ ಅಂದುಕೊಳ್ಳುತ್ತದೆ. ಟೈಲ್ಸ್ ಮೇಲೆ ಮಾತ್ರ ಒಳ್ಳೆಯ ಟೇಪ್ ಸಾಕು.

## ಬಳಸಲು ಶುರು ಮಾಡಿದ ಮೇಲೆ

ಚೀಟೀಲಿ ಏನೇನು ಬರೆಯೋದು?

ತರಗತಿ ಮತ್ತು ವಿಭಾಗ ದೊಡ್ಡದಾಗಿ, ಟೀಚರ್ ಹೆಸರು ಅದರ ಕೆಳಗೆ. ಓದು ಬಾರದ ಮಕ್ಕಳಿಗೆ, ಆಟಿಸಂ ಇರುವ ಮಕ್ಕಳಿಗೆ ಎಡಗಡೆ ಒಂದು ಚಿತ್ರ ತುಂಬಾ ಸಹಾಯ. ನಲಿ-ಕಲಿ ಕೊಠಡಿಗೆ ಒಂದು ಪ್ರಾಣಿಯನ್ನು ಗುರುತಾಗಿ ಇಟ್ಟರೆ ವರ್ಷವಿಡೀ ಅದೇ ಇರಲಿ. ವೇಳಾಪಟ್ಟಿ, ಸುಭಾಷಿತ, ದಾನಿಗಳ ಹೆಸರು ಇಲ್ಲಿ ಬೇಡ. ಇಂಕ್‌ಜೆಟ್‌ಗಿಂತ ಲೇಸರ್ ಪ್ರಿಂಟ್ ಒಳ್ಳೆಯದು, ತೇವಕ್ಕೆ ಹರಡುವುದಿಲ್ಲ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ವರಾಂಡದ ಬೆಳಕಿಗೆ ಕನ್ನಡಿಯಾಗುತ್ತದೆ.

ಚೀಟಿ ಪ್ಲಾಸ್ಟಿಕ್ ಹಿಂದೆ ಇರುತ್ತೆ. ಕಣ್ಣು ಕಾಣದ ಮಗು ಅದನ್ನ ಹೇಗೆ ಓದುತ್ತೆ?

ಈ ಕೆಲಸದಲ್ಲಿ ನಿಜವಾಗಿ ಯೋಚಿಸಬೇಕಾದ ಪ್ರಶ್ನೆ ಇದು. ಚೀಟಿ ಬದಲಾದ ವಿಷಯ ಕಣ್ಣಿರುವವರಿಗೆ ಮಾತ್ರ ತಿಳಿದರೆ ಬೋರ್ಡ್ ಅರ್ಧ ಕೆಲಸ ಮಾಡಿದಂತೆ. ಎಡಿಎ ಮಾನದಂಡ ತಾತ್ಕಾಲಿಕ ಮಾಹಿತಿಗೆ, ಕೊಠಡಿಯಲ್ಲಿ ಕೂರುವವರ ಹೆಸರಿಗೆ ಬ್ರೈಲ್ ಕೇಳುವುದಿಲ್ಲ. ಆದರೆ ಶಾಲೆಯಲ್ಲಿ ‘5ನೇ ತರಗತಿ ಬಿ ವಿಭಾಗ’ ಅನ್ನುವುದು ಮಗುವಿಗೆ ವಿಳಾಸ ಇದ್ದಂತೆ. ಅದಕ್ಕೆ ರಿಯಾಯಿತಿ ಕೊಡಬಾರದು ಅನ್ನುವುದು ನಮ್ಮ ಪಟ್ಟು.

ದಾರಿ ಸುಲಭವಾಗಿದೆ. ಕಿಟಕಿಯ ಕೆಳಗೆ, ಬೋರ್ಡಿನ ಹೊರಮೈಯಲ್ಲಿ, ಮೇಲೆ ಕೆಳಗೆ ತುಟಿ ಇರುವ ಒಂದು ಗಾಡಿ, ಅಂದರೆ ಪಟ್ಟಿ ಜಾರುವಂಥ ಉದ್ದನೆಯ ಸಂದು, ಬಿಡಿಸಿ. ಅದರೊಳಗೆ 2 ಮಿ.ಮೀ. ಅಕ್ರಿಲಿಕ್‌ನ, 30 ಮಿ.ಮೀ. ಅಗಲದ ಬ್ರೈಲ್ ಪಟ್ಟಿ ಜಾರಿಸಿ ಕೂರಿಸುವುದು. ಚುಕ್ಕಿಗಳು ತುಟಿಯಿಂದ ಎರಡೂ ಕಡೆ 8ರಿಂದ 10 ಮಿ.ಮೀ. ದೂರ ಇರಲಿ, ಇಲ್ಲದಿದ್ದರೆ ತುಟಿಯ ಅಂಚು ಬೆರಳಿಗೆ ಅಡ್ಡ ಬರುತ್ತದೆ. ತುದಿಯಲ್ಲಿ ಒಂದು ಸ್ಕ್ರೂ. ಪಟ್ಟಿಯನ್ನು ತಲೆಕೆಳಗಾಗಿ ಹಾಕಲು ಆಗದಂತೆ ಬಲ ಮೇಲಿನ ಮೂಲೆ ಓರೆಯಾಗಿ ಕತ್ತರಿಸಿ, ಗಾಡಿಯ ಕೊನೆಯನ್ನೂ ಹಾಗೇ ಮಾಡಿಸಿ. ಪಟ್ಟಿಯ ಹಿಂಬದಿಗೆ ಮಾರ್ಕರ್‌ನಲ್ಲಿ ‘5 ಬಿ’ ಅಂತ ಬರೆದಿಡಿ. ಬ್ರೈಲ್ ಬಾರದ ಅಟೆಂಡರ್ ಕೂಡ ಸರಿಯಾದ ಪಟ್ಟಿ ಹಾಕಬಹುದು.

ಒಂದರಿಂದ ಹತ್ತರವರೆಗೆ ಎರಡೆರಡು ವಿಭಾಗ ಇರುವ ಶಾಲೆಗೆ ಇಪ್ಪತ್ತು ಪಟ್ಟಿ ಸಾಕು. ಜೂನ್‌ನಲ್ಲಿ ಹೊಸ ಬ್ರೈಲ್ ಮಾಡಿಸುವ ಮಾತೇ ಇಲ್ಲ, ಇದ್ದ ಪಟ್ಟಿಗಳು ಕೊಠಡಿ ಬದಲಿಸುತ್ತವೆ ಅಷ್ಟೆ. ಮಧ್ಯದಲ್ಲಿ ತುರ್ತಾಗಿ ಏನಾದರೂ ಬೇಕಾದರೆ ಬ್ರೈಲ್ ಸ್ಲೇಟ್ ಮತ್ತು ಸ್ಟೈಲಸ್‌ನಿಂದ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತಿ ಅದೇ ಗಾಡಿಯಲ್ಲಿ ಕೂರಿಸಬಹುದು. ಅದು ಕೆಲವು ತಿಂಗಳು ಬರುತ್ತದೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಎಲೆಕ್ಷನ್ ಬಂದಾಗ ಎಲ್ಲಾ ಕಡೆ ಹಾಳೆ ಅಂಟಿಸ್ತಾರೆ. ಬೋರ್ಡ್ ಹಾಳಾಗಲ್ವಾ?

ಹಾಳಾಗುತ್ತದೆ. ಮತಗಟ್ಟೆ ಸಂಖ್ಯೆಯನ್ನು ಗೋಂದು ಹಾಕಿ ಬ್ರೈಲ್ ಮೇಲೇ ಅಂಟಿಸಿ ಹೋಗಿರುತ್ತಾರೆ. ಆಮೇಲೆ ಕೆರೆದು ತೆಗೆಯುವಾಗ ಚುಕ್ಕಿಯೂ ಹೋಗುತ್ತದೆ. ಅದಕ್ಕೆ ಚೀಟಿಯ ಅಳತೆಯ ಖಾಲಿ ಹಾಳೆಗಳನ್ನು ಒಂದು ಕವರ್‌ನಲ್ಲಿ ಇಟ್ಟು, ಪರೀಕ್ಷೆಯ ಮುಖ್ಯ ಅಧೀಕ್ಷಕರಿಗೋ ಚುನಾವಣೆ ಸಿಬ್ಬಂದಿಗೋ ಕೀ ಕೊಡುವಾಗಲೇ ಕೊಡಿ. ಅಗಲದ ಸೂಚನಾ ಪತ್ರಗಳಿಗೆ ಬೋರ್ಡಿನಿಂದ ದೂರದಲ್ಲಿ ಒಂದು ಕ್ಲಿಪ್ ಪ್ಯಾಡ್ ತೂಗುಹಾಕಿ.

ಪರೀಕ್ಷೆಯಲ್ಲಿ ಇನ್ನೊಂದು ಗೊಂದಲ ಬರುತ್ತದೆ. ಶಾಲೆಯ 12ನೇ ಕೊಠಡಿ ಪರೀಕ್ಷೆಗೆ 3ನೇ ಕೊಠಡಿ ಆಗಿರುತ್ತದೆ. ಉಬ್ಬಿದ 12ರ ಕೆಳಗೆ ಸುಮ್ನೆ 3 ಅಂತ ಚೀಟಿ ಹಾಕಿದರೆ ಬೇರೆ ಶಾಲೆಯಿಂದ ಬಂದ ಮಗು ಯಾವುದನ್ನು ನಂಬಬೇಕು? ‘ಪರೀಕ್ಷಾ ಕೊಠಡಿ 3’ ಅಂತ ಪೂರ್ತಿ ಬರೆಯಿರಿ. ಆಗುವುದಾದರೆ ಶಾಲೆಯ ಸಂಖ್ಯೆಯನ್ನೇ ಪರೀಕ್ಷೆಗೂ ಇಟ್ಟುಕೊಳ್ಳಿ.

ಕ್ಯೂಆರ್ ಕೋಡ್ ಹಾಕಿದ್ರೆ ಫೋನೇ ಓದಿ ಹೇಳುತ್ತಲ್ಲ?

ಶಾಲೆಗೆ ಮಕ್ಕಳು ಫೋನ್ ತರುವುದಿಲ್ಲ. ಗೋಡೆಯ ಮೇಲೆ ಕೋಡ್ ಎಲ್ಲಿದೆ ಅಂತ ಕಾಣದವರಿಗೆ ಹುಡುಕುವುದೂ ಕಷ್ಟ. ಭೇಟಿಗೆ ಬರುವ ಪೋಷಕರಿಗೆ ಗೇಟಿನ ಹತ್ತಿರ ಒಂದು ಇರಲಿ, ಬೇಡ ಅನ್ನುವುದಿಲ್ಲ. ಕೊಠಡಿ ಬೋರ್ಡಿನಲ್ಲಿ ಬ್ರೈಲ್ ಬದಲಿಗೆ ಅದು ಬೇಡ.

ವರ್ಷಾ ವರ್ಷಾ ಇದನ್ನ ಯಾರು ನೋಡ್ಕೋಬೇಕು?

ಒಬ್ಬರ ಹೆಸರಿಗೆ ಬರೆದಿಡಿ. ‘ಎಲ್ಲರೂ ನೋಡಿಕೊಳ್ಳೋಣ’ ಅಂದರೆ ಯಾರೂ ನೋಡುವುದಿಲ್ಲ. ಚೀಟಿಯ ಫೈಲ್ ಶಾಲೆಯ ಕಂಪ್ಯೂಟರ್‌ನಲ್ಲಿ, ಜೊತೆಗೆ ಎಚ್‌ಎಂ ಮೇಲ್‌ನಲ್ಲಿ ಇರಲಿ. ಬ್ರೈಲ್ ಪಟ್ಟಿಗಳು, ಹೆಚ್ಚುವರಿ ಸ್ಕ್ರೂ, ಸ್ಕ್ರೂಡ್ರೈವರ್ ಒಂದೇ ಡಬ್ಬಿಯಲ್ಲಿ ಆಫೀಸ್ ಬೀರುವಿನಲ್ಲಿ ಇರಲಿ. ಶಾಲೆ ಶುರುವಾಗುವ ಹಿಂದಿನ ವಾರ ಚೀಟಿ, ಪಟ್ಟಿ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಕಣ್ಣಿಗೊಂದು ಬೆರಳಿಗೊಂದು ತರಗತಿ ಆಗುತ್ತದೆ.

ಒರೆಸಲು ಸೋಪ್ ನೀರು, ಮೆತ್ತನೆ ಬಟ್ಟೆ. ಥಿನ್ನರ್, ಸ್ಯಾನಿಟೈಸರ್ ತಾಗಿದರೆ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಗೋಡೆಗೆ ಬಣ್ಣ ಹೊಡೆಸುವಾಗ ಬೋರ್ಡನ್ನು ಬಿಚ್ಚಿಸಿ ತೆಗೆದಿಡಿ. ಬ್ರಷ್‌ನ ಬಣ್ಣ ಒಮ್ಮೆ ಚುಕ್ಕಿಗಳ ನಡುವೆ ಇಳಿದು ಒಣಗಿದರೆ ಆ ಸಾಲು ಬೆರಳಿಗೆ ಬರೀ ಗಂಟು. ಬಿಚ್ಚಿದ ಬೋರ್ಡಿನ ಹಿಂದೆ ಕೊಠಡಿ ಸಂಖ್ಯೆ ಬರೆದಿಡಿ, ಪೇಂಟರ್ ಕೆಲಸ ಮುಗಿಸಿ ವಾಪಸ್ ಹಾಕುವಾಗ ಅದಲು ಬದಲು ಆಗುವುದಿಲ್ಲ.